ಕ್ಷಯ–ಎಚ್‌ಐವಿ ಜೊತೆಸೋಂಕು ಮತ್ತು ರೋಗನಿರೋಧಕ ಕೋಶಗಳು

ವೈರಸ್ ಸೋಂಕೊಂದು ಮೈಯಲ್ಲಿ ಮೊದಲೇ ಇರುವ ಕಾಯಿಲೆಯ ಸ್ವರೂಪವನ್ನೇ ಬದಲಿಸಬಲ್ಲದು ಎಂಬುದಕ್ಕೆ ಸ್ಪಷ್ಟ ಸಾಕ್ಷ್ಯ ಒದಗಿಸಿದವರಲ್ಲಿ ಆಸ್ಟ್ರಿಯದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಒಬ್ಬರು. ಕ್ಷಯದ ಸೋಂಕಿದ್ದರೂ, ದಡಾರ ಎದ್ದ ಮಕ್ಕಳ ಚರ್ಮ ಟ್ಯೂಬರ್ಕ್ಯುಲಿನ್ ಪರೀಕ್ಷೆಗೆ ಕೆಲಕಾಲ ಸ್ಪಂದಿಸುವುದಿಲ್ಲವೆಂದು ಅವರು 1908ರಲ್ಲಿ ವರದಿ ಮಾಡಿದರು. ಆ ಪರೀಕ್ಷೆ ಅಳೆಯುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತೋರುವ ಪ್ರತಿಕ್ರಿಯೆಯನ್ನು.

ಕರ್ನಾಟಕದಲ್ಲಿ ಕ್ಷಯದ ವ್ಯವಸ್ಥಿತ ಅಧ್ಯಯನಕ್ಕೆ ಬಲ ಬಂದದ್ದು 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದ ಮೇಲೆ. 1960–61ರಲ್ಲಿ ಅದು ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ನಡೆಸಿತು. ಕೆಮ್ಮು, ಜ್ವರ ಇರುವ ಹಳ್ಳಿಗರಲ್ಲಿ ಅನೇಕರು ತಾವಾಗಿಯೇ ಆಸ್ಪತ್ರೆಗೆ ಹೋಗುತ್ತಾರೆಂದು ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ತೋರಿಸಿದರು. ಹೀಗೆ ತಾವಾಗಿ ಬರುವವರಲ್ಲಿ ರೋಗ ಪತ್ತೆಹಚ್ಚಲು 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಕಫ ಪರೀಕ್ಷೆಯನ್ನೇ ನೆಚ್ಚಿಕೊಂಡಿತು. ಬಡ ದೇಶಕ್ಕೆ ಇದಕ್ಕಿಂತ ಜಾಣತನದ ದಾರಿ ಇರಲಿಲ್ಲ.

ಆ ದಾರಿಗೆ ತೊಡಕಾದದ್ದು ಮತ್ತೊಂದು ವೈರಸ್, ಎಚ್‌ಐವಿ. ಭಾರತದಲ್ಲಿ ಅದು 1986ರಲ್ಲಿ ಚೆನ್ನೈಯಲ್ಲಿ ಮೊದಲು ಪತ್ತೆಯಾಯಿತು. ವೈರಸ್ಸು ಸಿಡಿ4 ಎಂಬ ಗ್ರಾಹಕವನ್ನು ಹಿಡಿದು ಟಿ ಕೋಶದೊಳಗೆ ನುಗ್ಗುತ್ತದೆಂಬುದು 1984ರಲ್ಲೇ ತಿಳಿದಿತ್ತು. ಕ್ಷಯದ ರೋಗಾಣುಗಳನ್ನು ನುಂಗಿದ ಭಕ್ಷಕ ಕೋಶಗಳಿಗೆ ಇಂಟರ್‌ಫೆರಾನ್-ಗಾಮಾ ಸ್ರವಿಸಿ ಬಲ ತುಂಬುವುದು ಇದೇ ಸಿಡಿ4 ಟಿ ಕೋಶಗಳು. ಇವೆಲ್ಲ ಸೇರಿ ಕಟ್ಟುವ ಗಂಟು ರೋಗಾಣುಗಳನ್ನು ವರ್ಷಗಟ್ಟಲೆ ಕೂಡಿಹಾಕುತ್ತದೆ. ಸಿಡಿ4 ಕೋಶ ಕುಗ್ಗಿದಂತೆ ಗಂಟು ಸಡಿಲವಾಗಿ, ಸುಪ್ತ ಸೋಂಕು ಎದ್ದೇಳುತ್ತದೆ. ಇತ್ತ ಕ್ಷಯದಿಂದ ಕೆರಳಿದ ಟಿ ಕೋಶಗಳಲ್ಲಿ ಎಚ್‌ಐವಿ ಇನ್ನಷ್ಟು ವೇಗವಾಗಿ ಹೆಚ್ಚುತ್ತದೆ.

ವಿಚಿತ್ರವೆಂದರೆ, ಕ್ಷಯದಲ್ಲಿ ಶ್ವಾಸಕೋಶಕ್ಕೆ ತೂತು ಬೀಳಲು ಬಹುಪಾಲು ಕಾರಣ ದೇಹದ ಪ್ರತಿಕ್ರಿಯೆಯೇ. ಕಫಕ್ಕೆ ರೋಗಾಣುಗಳು ರಾಶಿರಾಶಿಯಾಗಿ ಬರುವುದು ಅಲ್ಲಿಂದ. ಪ್ರತಿಕ್ರಿಯೆ ಸೋತವರಲ್ಲಿ ತೂತು ಕಡಿಮೆ, ಕಫದಲ್ಲಿ ರೋಗಾಣುವೂ ವಿರಳ. ಹೀಗಾಗಿ ಕಫ ಪರೀಕ್ಷೆಯ ಸೂಕ್ಷ್ಮದರ್ಶಕ ಅತಿ ದುರ್ಬಲ ರೋಗಿಗಳಲ್ಲೇ ಹೆಚ್ಚಾಗಿ ತಪ್ಪಿತು.

2004ರ ಏಪ್ರಿಲ್‌ನಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಚಿಕಿತ್ಸೆಯಿಂದ ಟಿ ಕೋಶಗಳು ಚೇತರಿಸಿಕೊಂಡಾಗ ಕೆಲವರಲ್ಲಿ ಅಡಗಿದ್ದ ಕ್ಷಯದ ಮೇಲೆ ಅವು ಒಮ್ಮೆಲೇ ಮುಗಿಬಿದ್ದು ಜ್ವರ, ದುಗ್ಧಗ್ರಂಥಿಗಳ ಊತ ತರುವುದೂ ಉಂಟು. ಇದು ಔಷಧ ಬಿಡಲು ಕಾರಣವಲ್ಲ. ಸೂಕ್ಷ್ಮದರ್ಶಕದ ಕೊರತೆಗೂ ಪರಿಹಾರ ಬಂತು: ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಸಿಬಿನಾಟ್ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಾನ್ಯತೆ ನೀಡಿತು. ಈಗ ಕ್ಷಯ ಪತ್ತೆಯಾದವರಿಗೆ ಎಚ್‌ಐವಿ ಪರೀಕ್ಷೆ, ಎಆರ್‌ಟಿ ಕೇಂದ್ರಕ್ಕೆ ಬರುವವರಿಗೆ ಕ್ಷಯದ ತಪಾಸಣೆ ಸರ್ಕಾರಿ ಕಾರ್ಯಕ್ರಮದ ನಿಯಮವಾಗಿದೆ.