ಹಂದಿಗೂಡಿನಲ್ಲಿ ಕುಳಿತ ಚಿತ್ರಗಾರ್ತಿ

ಜಡಿಮಳೆಯ ಒಂದು ದಿನ. ಉತ್ತರ ಇಂಗ್ಲೆಂಡಿನ ನಿಯರ್ ಸಾರೆ ಎಂಬ ಹಳ್ಳಿಯಲ್ಲಿ, ಮಧ್ಯವಯಸ್ಸಿನ ಮಹಿಳೆಯೊಬ್ಬಳು ಹಂದಿಗೂಡಿನೊಳಗೆ ಕುಳಿತು ಹಂದಿಯ ಚಿತ್ರ ಬರೆಯುತ್ತಿದ್ದಳು. ಹಂದಿ ಆಕೆಯ ಬೂಟುಗಳನ್ನು ಮೆಲ್ಲಲು ಹವಣಿಸುತ್ತಿತ್ತು. ಇದರಿಂದ ಕೆಲಸಕ್ಕೆ ಅಡಚಣೆಯಾಗುತ್ತದೆಂದು ಆಕೆ ಪತ್ರವೊಂದರಲ್ಲಿ ಬರೆದುಕೊಂಡಿದ್ದಾಳೆ. ಅಸಹ್ಯದ ಮಾತು ಮಾತ್ರ ಅದರಲ್ಲಿಲ್ಲ. ಹಂದಿ ಎನ್ನುವುದು ನಮ್ಮಲ್ಲಿರುವಂತೆ ಇಂಗ್ಲಿಷಿನಲ್ಲೂ ಬೈಗುಳವೇ. ಆದರೂ ಈ ಬಿಯಾಟ್ರಿಕ್ಸ್ ಪಾಟರ್‌ಗೆ ಆ ಪ್ರಾಣಿಯ ಮೇಲೆ ಬಹಳ ಅಕ್ಕರೆ.

ಆಕೆ ಹಳ್ಳಿಯಲ್ಲಿ ಹುಟ್ಟಿದವಳಲ್ಲ. 1866ರಲ್ಲಿ ಲಂಡನ್ನಿನ ಸಿರಿವಂತರ ಮನೆಯಲ್ಲಿ ಜನಿಸಿದಳು. ಶಾಲೆಗೆ ಹೋಗಲಿಲ್ಲ, ಮನೆಗೇ ಉಪಾಧ್ಯಾಯಿನಿಯರು ಬರುತ್ತಿದ್ದರು. ಮೊಲ, ಕಪ್ಪೆ, ಬಾವಲಿ, ಇಲಿಗಳೇ ಅಕ್ಕ ತಮ್ಮಂದಿರ ಸಂಗಾತಿಗಳು. ಸಾಕಿದ ಪ್ರಾಣಿ ಸತ್ತರೆ ಅದನ್ನು ಕುದಿಸಿ, ಎಲುಬುಗಳನ್ನು ಜೋಡಿಸಿ ಚಿತ್ರ ಬರೆಯುವಷ್ಟು ನಿರ್ದಾಕ್ಷಿಣ್ಯ ಕುತೂಹಲ ಆ ಮಕ್ಕಳದು. ಅಕ್ಕರೆ ಮತ್ತು ನಿಷ್ಠುರತೆ ಆಕೆಯಲ್ಲಿ ಅಂದಿನಿಂದಲೂ ಜೊತೆಯಾಗಿಯೇ ಬೆಳೆದವು. ಹರೆಯದಲ್ಲಿ ತಾನೇ ಕಲ್ಪಿಸಿದ ಗುಪ್ತಲಿಪಿಯಲ್ಲಿ ದಿನಚರಿ ಬರೆದಳು. ಆಕೆ ತೀರಿಕೊಂಡು ಹದಿನೈದು ವರ್ಷಗಳಾದ ಮೇಲೆ, 1958ರಲ್ಲಿ, ಲೆಸ್ಲಿ ಲಿಂಡರ್ ಎಂಬುವರಿಗೆ ಅದರ ಕೀಲಿ ದೊರೆಯಿತು.

ಆಕೆಯ ಸಾಹಿತ್ಯವೂ ಕೈಕೆಲಸವಾಗಿಯೇ ಆರಂಭವಾಯಿತು. 1893ರಲ್ಲಿ, ತನ್ನ ಹಳೆಯ ಉಪಾಧ್ಯಾಯಿನಿಯ ಮಗ ಕಾಯಿಲೆ ಮಲಗಿದ್ದಾಗ, ಪೀಟರ್ ಎಂಬ ಮೊಲದ ಕಥೆಯನ್ನು ಚಿತ್ರಸಮೇತ ಪತ್ರವಾಗಿ ಬರೆದು ಕಳುಹಿಸಿದಳು. ಮುಂದೆ ಅದನ್ನೇ ಪುಸ್ತಕವಾಗಿ ಬೆಳೆಸಿದಾಗ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ನಿರಾಕರಿಸಿದರು. ಕಡೆಗೆ 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿಗಳನ್ನು ಅಚ್ಚು ಹಾಕಿಸಿದಳು. ಮಕ್ಕಳ ಅಂಗೈಗೆ ಹೊಂದುವಂತೆ ಪುಸ್ತಕ ಚಿಕ್ಕದಾಗಿರಬೇಕೆಂಬುದು ಆಕೆಯ ಹಟ. ಮರುವರ್ಷ ವಾರ್ನ್ ಸಂಸ್ಥೆ ಅದನ್ನು ಬಣ್ಣದ ಚಿತ್ರಗಳೊಡನೆ ಪ್ರಕಟಿಸಿತು. 1903ರಲ್ಲಿ ಪೀಟರನ ಬಟ್ಟೆಯ ಬೊಂಬೆಯನ್ನು ತಾನೇ ಹೊಲಿದು, ಅದರ ಹಕ್ಕನ್ನೂ ನೋಂದಾಯಿಸಿಕೊಂಡಳು. ವ್ಯವಹಾರದಲ್ಲಿ ಆಕೆ ಪೆದ್ದಳಾಗಿರಲಿಲ್ಲ.

1905ರ ಬೇಸಗೆಯಲ್ಲಿ ಪ್ರಕಾಶಕ ಮನೆತನದ ನಾರ್ಮನ್ ವಾರ್ನ್‌ನೊಡನೆ ಆಕೆಯ ವಿವಾಹ ನಿಶ್ಚಯವಾಯಿತು. ವ್ಯಾಪಾರಸ್ಥನೆಂದು ತಂದೆತಾಯಿಗಳು ಒಪ್ಪಲಿಲ್ಲ. ಒಂದು ತಿಂಗಳಲ್ಲೇ ನಾರ್ಮನ್ ರಕ್ತದ ಕಾಯಿಲೆಯಿಂದ ತೀರಿಕೊಂಡ. ಅದೇ ವರ್ಷ ಆಕೆ ಪುಸ್ತಕಗಳ ಸಂಪಾದನೆಗೆ ಬಂಧುವೊಬ್ಬಳು ಬಿಟ್ಟುಹೋದ ಹಣವನ್ನು ಸೇರಿಸಿ, ನಿಯರ್ ಸಾರೆಯ ಹಿಲ್ ಟಾಪ್ ಎಂಬ 34 ಎಕರೆಯ ಹೊಲಮನೆಯನ್ನು ಕೊಂಡಳು. ಮೂವತ್ತೊಂಬತ್ತರ ಅವಿವಾಹಿತೆಗೆ ಸ್ವಂತದ್ದೊಂದು ನೆಲ ದೊರೆಯಿತು. ಆ ನೆಲದ ಜೊತೆಗೆ ಹಂದಿಗಳೂ ಬಂದವು.

ಹಂದಿಗಳನ್ನು ನೋಡಿಕೊಳ್ಳುತ್ತಿದ್ದವನು ಜಾನ್ ಕ್ಯಾನನ್ ಎಂಬ ಮೇಸ್ತ್ರಿ. ಬರ್ಕ್‌ಷೈರ್ ತಳಿಯ ಒಂದು ಕಪ್ಪು ಹೆಣ್ಣುಮರಿಯನ್ನು ಅವನು ಬೇಡವೆಂದನಂತೆ. ಆಕೆ ಅದನ್ನು ಹಾಸಿಗೆಯ ಪಕ್ಕದ ಬುಟ್ಟಿಯಲ್ಲಿಟ್ಟು ಸೀಸೆಯಲ್ಲಿ ಹಾಲೂಡಿಸಿ ಸಾಕಿದಳು. ಅದು ಮನೆಯೆಲ್ಲ ಹಿಂಬಾಲಿಸುತ್ತಿತ್ತು. ಆದರೆ ಇದೇ ಕೈ ಹಂದಿಗಳನ್ನು ಮಾರುತ್ತಲೂ ಇತ್ತು. ದೊಡ್ಡ ಮರಿಗಳೆರಡು ಮಾರಾಟವಾದಾಗ, ಸಂಸಾರದ ಚಿತ್ರ ಅಪೂರ್ಣವಾಯಿತೆಂದು ಕೊರಗುತ್ತಲೇ, ಒಳ್ಳೆಯ ಬೆಲೆ ಬಂತು, ದಿನಕ್ಕೆ ಐದು ಸಲ ತಿಂದರೂ ಅವಕ್ಕೆ ಸಾಲುತ್ತಿರಲಿಲ್ಲ ಎಂದೂ ಬರೆದಳು.

ಈ ಇಬ್ಬಂದಿಯೇ 1913ರ 'ಪಿಗ್ಲಿಂಗ್ ಬ್ಲಾಂಡ್' ಕಥೆಯಾಯಿತು. ತಿಂಡಿಪೋತ ಮರಿಗಳನ್ನು ಸಾಕಲಾರದೆ ಎರಡನ್ನು ಸಂತೆಗೆ ಕಳುಹಿಸುತ್ತಾರೆ. ಹಂದಿಜ್ವರದ ಭಯದಿಂದ ಆಗ ಹಂದಿಗಳ ಸಾಗಾಟಕ್ಕೆ ಪರವಾನಗಿ ಬೇಕಿತ್ತು. ಕಥೆಯ ಮರಿಗಳ ಜೇಬಿನಲ್ಲೂ ಆ ಚೀಟಿಯಿದೆ. ಹಾದಿಯಲ್ಲಿ ಸಿಗುವ ಕಪ್ಪು ಹೆಣ್ಣುಮರಿ ಪಿಗ್‌ವಿಗ್‌ಳನ್ನು ಒಬ್ಬ ಕದ್ದು ತಂದಿದ್ದಾನೆ. ಏತಕ್ಕೆಂದು ಕೇಳಿದರೆ, ಮಾಂಸಕ್ಕೆ ಎಂದು ಅವಳು ಲವಲವಿಕೆಯಿಂದಲೇ ಹೇಳುತ್ತಾಳೆ! ಮಕ್ಕಳ ಪುಸ್ತಕದಲ್ಲಿ ಇಷ್ಟು ನಿಜವನ್ನು ಹೇಳುವ ಧೈರ್ಯ ಎಷ್ಟು ಮಂದಿಗಿದೆ? ಕೊನೆಗೆ ಜೋಡಿ ಸೇತುವೆ ದಾಟಿ ಪಾರಾಗುತ್ತದೆ. ಮಾರಿದವಳೇ ಪಾರುಮಾಡಿದಳು, ಆದರೆ ಕಾಗದದ ಮೇಲೆ.

ಅದೇ ಅಕ್ಟೋಬರಿನಲ್ಲಿ ಆಕೆ ವಕೀಲ ವಿಲಿಯಂ ಹೀಲಿಸ್‌ನನ್ನು ಮದುವೆಯಾದಳು. ತೋಳಿಗೆ ತೋಳು ಸೇರಿಸಿ ಸೂರ್ಯೋದಯ ನೋಡುವ ಎರಡು ಹಂದಿಗಳ ಚಿತ್ರ ವಧೂವರರದೇ ಎಂದು ಓದುಗರು ಊಹಿಸಿದರು. ಅಲ್ಲವೆಂದ ಆಕೆ, ಗಂಡನನ್ನು ಚಿತ್ರಿಸುವುದಾದರೆ ತೀರ ಎತ್ತರದ ಸಪೂರ ಪ್ರಾಣಿಯನ್ನು ಹುಡುಕಬೇಕೆಂದಳು.

ಆಮೇಲಿನ ಮೂವತ್ತು ವರ್ಷ ಬಹುಪಾಲು ಕುರಿ ಸಾಕಣೆಯಲ್ಲೇ ಕಳೆಯಿತು. 1943ರಲ್ಲಿ ಸಾಯುವಾಗ 4,000 ಎಕರೆಗೂ ಮಿಕ್ಕ ಭೂಮಿಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದಳು. ಬರಹ ವಿರಳವಾಗಿದ್ದ ಆ ವರ್ಷಗಳಲ್ಲೂ, 1930ರಲ್ಲಿ, ಹಂದಿಮರಿಯದೊಂದು ಕಥೆ ಬಂತು. ಹಡಗಿನವರು ರಾಬಿನ್ಸನ್ ಎಂಬ ಮರಿಯನ್ನು ಕಪ್ತಾನನ ಊಟಕ್ಕೆಂದು ಕೊಬ್ಬಿಸುತ್ತಾರೆ; ಅಲ್ಲಿನ ಬೆಕ್ಕು ಅದನ್ನು ದೋಣಿಯಲ್ಲಿ ತಪ್ಪಿಸುತ್ತದೆ. ದ್ವೀಪವೊಂದನ್ನು ಸೇರಿದ ರಾಬಿನ್ಸನ್ ಮತ್ತಷ್ಟು ಕೊಬ್ಬುತ್ತಾನೆ. ಅಲ್ಲಿ ಅವನನ್ನು ತಿನ್ನುವವರು ಯಾರೂ ಇಲ್ಲ.