ಒಂದು ಲಕ್ಷ ಮಾರ್ಕಿನ ಖಾತೆ

ಗಣಿತದ ಚರಿತ್ರೆಯನ್ನು ಗಣಿತಜ್ಞರು ಬರೆಯುತ್ತಾರೆ. ಅದರಲ್ಲಿ ಪ್ರಮೇಯಗಳಿರುತ್ತವೆ, ರಸೀದಿಗಳಿರುವುದಿಲ್ಲ. ನನ್ನದು ಬಿ.ಕಾಂ. ಓದಿ ಸಿ.ಎ. ಮಾಡಿದ ತಲೆ. ಯಾವ ಕತೆ ಕೇಳಿದರೂ ದುಡ್ಡು ಎಲ್ಲಿಂದ ಬಂತು, ಎಲ್ಲಿಟ್ಟರು, ಕೊನೆಗೆ ಎಷ್ಟು ಉಳಿಯಿತು ಎಂದೇ ಅದಕ್ಕೆ ಯೋಚನೆ. ನಾನು ನೆಲೆಸಿರುವ ಫ್ರಾಂಕ್‌ಫರ್ಟಿನಿಂದ ಉತ್ತರಕ್ಕೆ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ಗಾಟಿಂಗೆನ್ ಎಂಬ ಪುಟ್ಟ ಊರು ಸಿಗುತ್ತದೆ. ಗೌಸ್, ರೀಮಾನ್, ಹಿಲ್ಬರ್ಟ್ ಅವರಂಥವರು ಪಾಠ ಹೇಳಿದ ವಿಶ್ವವಿದ್ಯಾಲಯ ಅಲ್ಲಿದೆ. ಅವರ ಪ್ರತಿಭೆಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಆ ಊರಿನಲ್ಲಿ 1908ರಲ್ಲಿ ಆರಂಭವಾಗಿ 1997ರಲ್ಲಿ ಮುಗಿದ ಒಂದು ದತ್ತಿನಿಧಿಯ ಖಾತೆಯಿದೆ. ಅದರ ಬಗ್ಗೆ ಬರೆಯಬಲ್ಲೆ.

ಅಸಲು 1,00,000 ಮಾರ್ಕ್. ದಾನಿ ಪೌಲ್ ವೋಲ್ಫ್‌ಸ್ಕೇಲ್. ಊರು ಫ್ರಾಂಕ್‌ಫರ್ಟಿನ ಪಕ್ಕದ ಡಾರ್ಮ್‌ಸ್ಟಾಟ್.

ವೋಲ್ಫ್‌ಸ್ಕೇಲ್ ಮನೆತನದವರು ಯಹೂದಿ ಬ್ಯಾಂಕರುಗಳು. ತಂದೆಯ ನಂತರ ಅಣ್ಣ ಒಟ್ಟೊ ಬ್ಯಾಂಕಿನ ವ್ಯವಹಾರ ವಹಿಸಿಕೊಂಡ. 1856ರಲ್ಲಿ ಹುಟ್ಟಿದ ತಮ್ಮ ಪೌಲ್ ವೈದ್ಯಕೀಯ ಓದಿದ. ಡಾಕ್ಟರಾಗುವ ಹೊತ್ತಿಗೆ ಅವನಿಗೇ ರೋಗ ಅಂಟಿತು. ನರಗಳನ್ನು ಮೆಲ್ಲಮೆಲ್ಲನೆ ತಿನ್ನುವ ಮಲ್ಟಿಪಲ್ ಸ್ಕ್ಲೆರೋಸಿಸ್. ರೋಗಿಗಳ ಮಂಚದ ಪಕ್ಕ ನಿಲ್ಲಲಾಗದವನು ಕುಳಿತು ಮಾಡುವ ಕೆಲಸ ಹುಡುಕಿ ಗಣಿತಕ್ಕೆ ಬಂದ. ಬರ್ಲಿನ್ನಿನಲ್ಲಿ ಕುಮ್ಮರ್ ಎಂಬ ದೊಡ್ಡ ಗಣಿತಜ್ಞರ ಪಾಠ ಕೇಳಿದ. ಡಾರ್ಮ್‌ಸ್ಟಾಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಕೆಲವು ಕಾಲ ಸಂಖ್ಯಾಶಾಸ್ತ್ರದ ಪಾಠವನ್ನೂ ಹೇಳಿದ, ದೇಹ ಅದಕ್ಕೂ ಒಪ್ಪದಾಗುವವರೆಗೆ.

ಕುಮ್ಮರ್ ತಲೆಕೆಡಿಸಿಕೊಂಡಿದ್ದ ಲೆಕ್ಕಗಳಲ್ಲಿ ಒಂದು ಫರ್ಮಾನ ಕೊನೆಯ ಪ್ರಮೇಯ. ಹೈಸ್ಕೂಲು ಓದಿದ ಯಾರಿಗೂ ಇದು ಅರ್ಥವಾಗುತ್ತದೆ, ಅದೇ ಅದರ ಅಪಾಯ. 3ರ ವರ್ಗಕ್ಕೆ 4ರ ವರ್ಗ ಕೂಡಿಸಿದರೆ 5ರ ವರ್ಗ ಬರುತ್ತದೆ. ವರ್ಗದ ಬದಲು ಘನ ತೆಗೆದುಕೊಂಡರೆ ಇಂಥ ಮೂರು ಪೂರ್ಣಸಂಖ್ಯೆಗಳು ಸಿಗುವುದಿಲ್ಲ. ನಾಲ್ಕನೆಯ ಘಾತಕ್ಕೂ ಇಲ್ಲ, ಐದನೆಯದಕ್ಕೂ ಇಲ್ಲ, ಮುಂದೆ ಎಂದೆಂದಿಗೂ ಇಲ್ಲ ಎಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಟುಲೂಸ್‌ನ ನ್ಯಾಯಾಧಿಕಾರಿ ಫರ್ಮಾ ಪುಸ್ತಕವೊಂದರ ಅಂಚಿನಲ್ಲಿ ಗೀಚಿಟ್ಟ. ಸೊಗಸಾದ ಸಾಧನೆಯೊಂದು ನನ್ನ ಬಳಿ ಇದೆ, ಆದರೆ ಅಂಚಿನಲ್ಲಿ ಜಾಗ ಸಾಲದು ಎಂದೂ ಸೇರಿಸಿದ. ನಾವು ಆಡಿಟರುಗಳು ‘ವೋಚರ್ ಇದೆ, ಈಗ ಕೈಗೆ ಸಿಗುತ್ತಿಲ್ಲ’ ಎಂಬ ಮಾತನ್ನು ಎಷ್ಟು ನಂಬುತ್ತೇವೋ ಗಣಿತಜ್ಞರೂ ಅದನ್ನು ಅಷ್ಟೇ ನಂಬಿದರು. ಆದರೂ ವೋಚರ್ ಹುಡುಕುವುದನ್ನು ಮುನ್ನೂರೈವತ್ತು ವರ್ಷ ಬಿಡಲಿಲ್ಲ.

ವೋಲ್ಫ್‌ಸ್ಕೇಲ್ ಯಾಕೆ ಈ ಲೆಕ್ಕಕ್ಕೇ ಹಣ ಇಟ್ಟ ಎನ್ನುವುದಕ್ಕೆ ಪ್ರಸಿದ್ಧವಾದ ಕತೆಯೊಂದಿದೆ. ಒಬ್ಬ ಸುಂದರಿ ಇವನನ್ನು ಒಲ್ಲೆ ಎಂದಳಂತೆ. ಇವನು ನಡುರಾತ್ರಿ ಪ್ರಾಣ ಕಳೆದುಕೊಳ್ಳಲು ನಿಶ್ಚಯಿಸಿದನಂತೆ. ಅಲ್ಲಿಯವರೆಗೆ ಹೊತ್ತು ಹೋಗಲೆಂದು ಕುಮ್ಮರ್ ಅವರ ಲೇಖನ ತೆರೆದು, ಅದರಲ್ಲಿ ತಪ್ಪು ಕಂಡಂತಾಗಿ, ಬಿಡಿಸುತ್ತ ಕೂತು ಬೆಳಗಾಗಿಬಿಟ್ಟಿತಂತೆ. ಸೊಗಸಾಗಿದೆ, ಆದರೆ ಆಧಾರವಿಲ್ಲ. ಕಾಸೆಲ್‌ನ ಗಣಿತಜ್ಞ ಕ್ಲೌಸ್ ಬಾರ್ನರ್ 1990ರ ದಶಕದಲ್ಲಿ ಹಳೆಯ ದಾಖಲೆಗಳನ್ನು ತೆಗೆದು ನೋಡಿದರು. ಆ ಸುಂದರಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಮದುವೆಯ ದಾಖಲೆ. 1903ರಲ್ಲಿ, ಕೈಕಾಲು ಸ್ವಾಧೀನವಿಲ್ಲದ ಪೌಲ್‌ಗೆ ಮನೆಯವರು ಐವತ್ತು ದಾಟಿದ ಹೆಂಗಸೊಬ್ಬಳನ್ನು ಕಟ್ಟಿದರು, ಆರೈಕೆಗೆ ಜನ ಬೇಕೆಂದು. ಸಂಸಾರ ಸುಖವಾಗಿರಲಿಲ್ಲ. 1905ರ ಜನವರಿಯಲ್ಲಿ ಪೌಲ್ ವಿಲ್ ಬದಲಾಯಿಸಿದ. ಹೆಂಡತಿಗೆ ಹೋಗಬಹುದಾಗಿದ್ದ ಆಸ್ತಿಯಲ್ಲಿ ದೊಡ್ಡ ಪಾಲು ಫರ್ಮಾನ ಲೆಕ್ಕ ಬಿಡಿಸುವವನಿಗೆ ಹೋಯಿತು. ಆ ಹೆಂಗಸಿನ ಕಡೆಯ ಮಾತನ್ನು ಮಾತ್ರ ಯಾರೂ ಬರೆದಿಟ್ಟಂತಿಲ್ಲ. ವಿಲ್ ವ್ಯಾಜ್ಯಗಳನ್ನು ಹತ್ತಿರದಿಂದ ನೋಡಿದ ನನಗೆ ನಡುರಾತ್ರಿಯ ಕತೆಗಿಂತ ಇದೇ ಹೆಚ್ಚು ನಿಜವೆನಿಸುತ್ತದೆ.

1906ರ ಸೆಪ್ಟೆಂಬರ್ 13ರಂದು ವೋಲ್ಫ್‌ಸ್ಕೇಲ್ ತೀರಿಕೊಂಡ. ಹಣ ಸಂದದ್ದು ಗಾಟಿಂಗೆನ್ನಿನ ರಾಯಲ್ ಸೈನ್ಸ್ ಸೊಸೈಟಿಗೆ. ಹೆಸರಿಗೆ ಬೇರೆ ಸಂಸ್ಥೆಯಾದರೂ ಅದರ ಸದಸ್ಯರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ. 1908ರ ಜೂನ್ 27ರಂದು ಅವರು ಬಹುಮಾನದ ನಿಯಮಗಳನ್ನು ಪ್ರಕಟಿಸಿದರು. ಸಾಧನೆ ಪತ್ರಿಕೆಯಲ್ಲೋ ಪುಸ್ತಕವಾಗಿಯೋ ಅಚ್ಚಾಗಿರಬೇಕು, ಕೈಬರಹಗಳನ್ನು ಪರಿಶೀಲಿಸುವ ಹೊಣೆ ಸೊಸೈಟಿಯದಲ್ಲ. ಅಚ್ಚಾಗಿ ಎರಡು ವರ್ಷ ಕಳೆಯುವವರೆಗೆ ಹಣ ಕೊಡುವಂತಿಲ್ಲ. 2007ರ ಸೆಪ್ಟೆಂಬರ್ 13ರೊಳಗೆ ಯಾರಿಗೂ ಸಲ್ಲದಿದ್ದರೆ ಬಹುಮಾನ ರದ್ದು. ಒಳ್ಳೆಯ ಕರಾರು, ನಾನಾದರೂ ಹೀಗೇ ಬರೆಯುತ್ತಿದ್ದೆ.

ಲಕ್ಷ ಮಾರ್ಕ್ ಎಂದರೆ ಎಷ್ಟು? ಆಗ ಮಾರ್ಕ್ ಚಿನ್ನದ ನಾಣ್ಯ. ಒಂದು ಕಿಲೋ ಅಪ್ಪಟ ಚಿನ್ನಕ್ಕೆ 2,790 ಮಾರ್ಕ್. ಆ ಲೆಕ್ಕದಲ್ಲಿ ಇದು ಸುಮಾರು 36 ಕಿಲೋ ಚಿನ್ನ. ಸುದ್ದಿ ಹರಡಿತು. ಮೊದಲ ವರ್ಷವೇ 621 ‘ಸಾಧನೆಗಳು’ ಬಂದು ಬಿದ್ದವು, ಬಹುಪಾಲು ಗಣಿತದ ಗಂಧವಿಲ್ಲದವು. ಕೈಬರಹ ಬೇಡವೆಂಬ ನಿಯಮವನ್ನು ಓದಿದವರಾರು! 1909ರಲ್ಲಿ ಪ್ರಾಧ್ಯಾಪಕರಾಗಿ ಬಂದ ಎಡ್ಮಂಡ್ ಲಾಂಡೌ ಕೊನೆಗೆ ಕಾರ್ಡು ಅಚ್ಚು ಹಾಕಿಸಿದರು: ನಿಮ್ಮ ಸಾಧನೆ ತಲುಪಿತು, ಮೊದಲ ತಪ್ಪು ಇಂಥ ಪುಟದ ಇಂಥ ಸಾಲಿನಲ್ಲಿದೆ. ಪುಟ, ಸಾಲು ತುಂಬುವ ಕೆಲಸ ವಿದ್ಯಾರ್ಥಿಗಳಿಗೆ. ಈ ಪತ್ರಗಳು ದಶಕಗಳ ಕಾಲ ನಿಲ್ಲಲಿಲ್ಲ. 1970ರ ದಶಕದಲ್ಲಿ ಇವಕ್ಕೆ ಉತ್ತರಿಸುತ್ತಿದ್ದ ಸಹಾಯಕರೊಬ್ಬರು ಆ ಹೊತ್ತಿಗೆ ಕಡತಗಳನ್ನು ಸಾಲಾಗಿಟ್ಟರೆ ಮೂರು ಮೀಟರ್ ಆಗುತ್ತಿತ್ತೆಂದು ಬರೆದಿದ್ದಾರೆ. ಒಬ್ಬಾತ ಸಾಧನೆಯ ಮೊದಲರ್ಧ ಮಾತ್ರ ಕಳಿಸಿ, ಸಾವಿರ ಮಾರ್ಕ್ ಮುಂಗಡ ಕೊಟ್ಟರೆ ಉಳಿದರ್ಧ ಎಂದನಂತೆ. ಇನ್ನೊಬ್ಬ ತಾನು ಪ್ರಸಿದ್ಧನಾದ ಮೇಲೆ ಬರುವ ಗಳಿಕೆಯಲ್ಲಿ ಶೇ. 10 ಕೊಡುತ್ತೇನೆ, ಒಪ್ಪದಿದ್ದರೆ ರಷ್ಯಾಕ್ಕೆ ಕಳಿಸಿಬಿಡುತ್ತೇನೆ ಎಂದು ಹೆದರಿಸಿದನಂತೆ.

ನನಗೆ ಇಷ್ಟವಾದ ಪುಟಗಳು ಇರುವುದು ಬಡ್ಡಿಯ ಕಡೆ.

ಅಸಲನ್ನು ಮುಟ್ಟುವಂತಿಲ್ಲ, ಲೆಕ್ಕ ಬಿಡಿಸುವವನು ಬರುವವರೆಗೆ ಅದು ಕೂತಿರಬೇಕು. ಬಡ್ಡಿ ಮಾತ್ರ ವರ್ಷ ವರ್ಷ ಬರುತ್ತದೆ. ಶೇ. 4 ಎಂದಿಟ್ಟುಕೊಂಡರೂ ವರ್ಷಕ್ಕೆ ನಾಲ್ಕು ಸಾವಿರ ಮಾರ್ಕ್. ಆ ಬಡ್ಡಿಯಲ್ಲಿ ಹೊರಗಿನ ವಿದ್ವಾಂಸರನ್ನು ಕರೆಸಿ ಉಪನ್ಯಾಸ ಮಾಡಿಸೋಣ ಎಂದು ಹಿಲ್ಬರ್ಟ್ ಮತ್ತು ಅವರ ಸಂಗಡಿಗರು ನಿಶ್ಚಯಿಸಿದರು. ಫರ್ಮಾನ ಲೆಕ್ಕವನ್ನು ನೀವೇ ಯಾಕೆ ಬಿಡಿಸಬಾರದು ಎಂದು ಕೇಳಿದವರಿಗೆ, ಚಿನ್ನದ ಮೊಟ್ಟೆಯಿಡುವ ಬಾತುಕೋಳಿಯನ್ನು ನಾನೇಕೆ ಕೊಲ್ಲಲಿ ಎಂದು ಹಿಲ್ಬರ್ಟ್ ಹೇಳಿದರೆಂದು ಪ್ರತೀತಿ. ಹೇಳಿದ್ದರೂ ಇರಬಹುದು, ಮನುಷ್ಯ ಹಾಗಿದ್ದ.

1909ರ ಏಪ್ರಿಲ್‌ನಲ್ಲಿ ಪ್ಯಾರಿಸಿನಿಂದ ಪ್ವಾಂಕರೆ ಬಂದರು. ಆರು ಉಪನ್ಯಾಸ, ಐದು ಜರ್ಮನ್ ಭಾಷೆಯಲ್ಲಿ, ಕೊನೆಯದು ಫ್ರೆಂಚಿನಲ್ಲಿ. ಮರುವರ್ಷ ಹಾಲೆಂಡಿನ ಲೊರೆಂಟ್ಸ್. ಅದೇ 1910ರಲ್ಲಿ ಕಾಯಿಲೆಯಿಂದ ಬಳಲುತ್ತಿದ್ದ ತ್ಸೆರ್ಮೆಲೊ ಎಂಬ ಗಣಿತಜ್ಞನಿಗೆ, ಗಣಸಿದ್ಧಾಂತದಲ್ಲಿ ಮಾಡಿದ ಕೆಲಸಕ್ಕಾಗಿ, ಆರೋಗ್ಯ ಸುಧಾರಿಸಿಕೊಳ್ಳಲೂ ಆಗಲೆಂದು, 5,000 ಮಾರ್ಕ್ ಕೊಟ್ಟರು. ನನ್ನ ಲೆಕ್ಕದಲ್ಲಿ ಇದು ಒಂದು ವರ್ಷದ ಬಡ್ಡಿಗಿಂತಲೂ ಹೆಚ್ಚು. ಕಾಯಿಲೆಯಲ್ಲೇ ಬದುಕು ಕಳೆದ ದಾನಿಯ ಹಣ ಇನ್ನೊಬ್ಬ ಕಾಯಿಲೆಯವನಿಗೆ ಸಂದಿತು. ವಿಲ್‌ನಲ್ಲಿ ಅವನು ಕೇಳಿದ್ದು ಇದನ್ನಲ್ಲ, ಆದರೆ ಆಕ್ಷೇಪಣೆ ಬರೆಯಲು ನನ್ನ ಪೆನ್ನು ಏಳುವುದಿಲ್ಲ.

1915ರ ಬೇಸಿಗೆಯಲ್ಲಿ, ಮಹಾಯುದ್ಧದ ನಡುವೆ, ಐನ್‌ಸ್ಟೈನ್ ಬಂದರು. ಇನ್ನೂ ಪೂರ್ಣವಾಗಿರದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಎರಡೆರಡು ಗಂಟೆಯ ಆರು ಉಪನ್ಯಾಸ. ಕೇಳಿ ಎದ್ದ ಹಿಲ್ಬರ್ಟ್ ತಾವೂ ಆ ಸಮೀಕರಣಗಳ ಬೆನ್ನು ಹತ್ತಿದರು. ನವೆಂಬರಿನಲ್ಲಿ ಐದು ದಿನಗಳ ಅಂತರದಲ್ಲಿ ಇಬ್ಬರೂ ತಮ್ಮ ತಮ್ಮ ಲೇಖನ ಸಲ್ಲಿಸಿದರು. ಆ ಸಿದ್ಧಾಂತದಲ್ಲಿ ಶಕ್ತಿಯ ಸಂರಕ್ಷಣೆ ಸರಿಹೊಂದದೆ ತೊಡಕಾದಾಗ ಅದನ್ನು ಬಿಡಿಸಿದ್ದು ಅದೇ ವರ್ಷ ಗಾಟಿಂಗೆನ್ನಿಗೆ ಬಂದಿದ್ದ ಎಮ್ಮಿ ನೋಟರ್. ಹೆಂಗಸೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಆಕೆಗೆ ಪಾಠ ಹೇಳುವ ಅಧಿಕಾರ ಕೊಡಲಿಲ್ಲ. ಪ್ರಕಟಣೆಯಲ್ಲಿ ಹಿಲ್ಬರ್ಟರ ಹೆಸರು, ಪಾಠ ನೋಟರ್ ಅವರದು, ಸಂಬಳ ಸೊನ್ನೆ. 1918ರ ಅವರ ಪ್ರಮೇಯ ಇಂದು ಭೌತಶಾಸ್ತ್ರದ ಬುನಾದಿಗಳಲ್ಲೊಂದು. ಅವರಿಗೆ ಸಣ್ಣದೊಂದು ಸಂಭಾವನೆ ಶುರುವಾದದ್ದು 1923ರಲ್ಲಿ.

1922ರ ಜೂನ್‌ನಲ್ಲಿ ನೀಲ್ಸ್ ಬೋರ್ ಏಳು ಉಪನ್ಯಾಸ ಕೊಟ್ಟರು. ಮ್ಯೂನಿಕ್‌ನಿಂದ ಬಂದಿದ್ದ ಇಪ್ಪತ್ತರ ಹುಡುಗನೊಬ್ಬ ಎದ್ದು ನಿಂತು ಆಕ್ಷೇಪ ಎತ್ತಿದ. ಬೋರ್ ಅವನನ್ನು ಊರಾಚೆಯ ಗುಡ್ಡಕ್ಕೆ ವಾಕಿಂಗ್ ಕರೆದುಕೊಂಡು ಹೋದರು. ಹುಡುಗನ ಹೆಸರು ಹೈಸೆನ್‌ಬರ್ಗ್. ಮೂರು ವರ್ಷದ ಮೇಲೆ ಅದೇ ಊರಿನಲ್ಲಿ ಮಾಕ್ಸ್ ಬಾರ್ನ್ ಅವರ ಸಹಾಯಕನಾಗಿ ಅವನು ಕ್ವಾಂಟಮ್ ಮೆಕಾನಿಕ್ಸ್‌ಗೆ ಅಡಿಪಾಯ ಹಾಕಿದ. ಬೋರ್ ಅವರ ಉಪನ್ಯಾಸಗಳಿಗೂ ವೋಲ್ಫ್‌ಸ್ಕೇಲ್ ಹೆಸರೇ ಇತ್ತು. ಆದರೆ ಆ ತಿಂಗಳು ಒಂದು ಡಾಲರಿಗೆ ಮುನ್ನೂರಕ್ಕೂ ಹೆಚ್ಚು ಮಾರ್ಕ್. ಯುದ್ಧಕ್ಕೆ ಮೊದಲು 4.20 ಇತ್ತು. ನಾಲ್ಕು ಸಾವಿರ ಮಾರ್ಕ್ ಬಡ್ಡಿ ಎಂದರೆ ಹದಿಮೂರು ಡಾಲರ್. ಹೆಸರಷ್ಟೇ ಹಳೆಯ ತೂಕದ್ದು.

ಮುಂದಿನ ವರ್ಷ ಅಸಲೇ ಹೋಯಿತು. 1923ರ ನವೆಂಬರಿನಲ್ಲಿ ಸರ್ಕಾರ ಹೊಸ ನಾಣ್ಯ ತಂದಾಗ ಒಂದು ಹೊಸ ಮಾರ್ಕಿಗೆ ಒಂದು ಲಕ್ಷ ಕೋಟಿ ಹಳೆಯ ಮಾರ್ಕ್. ನೋಟಿನ ಲೆಕ್ಕದಲ್ಲಿ ವೋಲ್ಫ್‌ಸ್ಕೇಲನ ಲಕ್ಷ ಮಾರ್ಕಿಗೆ ಹೊಸ ಮಾರ್ಕಿನ ಕೋಟಿಯಲ್ಲೊಂದು ಪಾಲು. ಆ ಕಾಲದಲ್ಲಿ ಊಹಾಪೋಹದ ವ್ಯಾಪಾರಕ್ಕೆ ಕೈಹಾಕಿದವರಿಗಿಂತ ಹೆಚ್ಚು ಕಳೆದುಕೊಂಡವರು ಸರ್ಕಾರಿ ಸಾಲಪತ್ರ ನಂಬಿದವರು: ವಿಧವೆಯರು, ಪಿಂಚಣಿದಾರರು, ಅನಾಥರ ನಿಧಿಗಳು, ದತ್ತಿಗಳು. ಮುಂದೆ 1925ರಲ್ಲಿ ಕಾನೂನು ಮಾಡಿ ಅಡಮಾನದ ಸಾಲಗಳಿಗೆ ಶೇ. 25ರಷ್ಟು ಬೆಲೆ ಮರಳಿಸಿದರು. ಸರ್ಕಾರ ತನ್ನದೇ ಸಾಲಪತ್ರಗಳಿಗೆ ಕೊಟ್ಟದ್ದು ಅದಕ್ಕಿಂತ ಬಹಳ ಕಡಿಮೆ.

ಇದರ ಬಡ ತಮ್ಮನನ್ನು ನಾನು ಹುಬ್ಬಳ್ಳಿಯ ಕಡೆ ಆರ್ಟಿಕಲ್‌ಶಿಪ್ ಮಾಡುವಾಗ ನೋಡಿದ್ದೆ. ಒಂದು ಶಾಲೆಯ ಪುಸ್ತಕದಲ್ಲಿ 250 ರೂಪಾಯಿಯ ದತ್ತಿ, ತೀರಿಹೋದ ಮಗನ ನೆನಪಿಗೆ ತಂದೆ ಐವತ್ತರ ದಶಕದಲ್ಲಿ ಇಟ್ಟದ್ದು. ಗಣಿತದಲ್ಲಿ ಮೊದಲು ಬಂದವರಿಗೆ ಅದರ ಬಡ್ಡಿಯಲ್ಲಿ ಪುಸ್ತಕ. ನಾನು ಹೋದ ವರ್ಷ ಆ ಬಡ್ಡಿಗೆ ಒಂದು ನೋಟ್‌ಬುಕ್ ಬರುತ್ತಿತ್ತು. ಹೆಡ್‌ಮಾಸ್ತರರು ಕೈಯಿಂದ ದುಡ್ಡು ಹಾಕಿ ಪುಸ್ತಕ ಕೊಡುತ್ತಿದ್ದರು, ರಸೀದಿ ಮಾತ್ರ ದತ್ತಿಯ ಹೆಸರಿಗೆ. ಅಂಕಿ ಒಂದೇ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ನಮ್ಮ ಭಾಷೆಯಲ್ಲಿ ಲೆಕ್ಕ ಸರಿಯಾಗಿತ್ತು.

ಗಾಟಿಂಗೆನ್ನಿನಲ್ಲಿ ಹಣ ಹೋದಮೇಲೂ ಜನ ಇದ್ದರು. ಹತ್ತು ವರ್ಷದ ನಂತರ ಜನರೂ ಹೋದರು. 1933ರ ಏಪ್ರಿಲ್ 7ರ ಕಾನೂನು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ಹೊರಹಾಕಿತು. ತಿಂಗಳು ಮುಗಿಯುವ ಮೊದಲೇ ಬಾರ್ನ್, ಗಣಿತ ಸಂಸ್ಥೆಯ ಮುಖ್ಯಸ್ಥ ಕೂರಾಂಟ್, ನೋಟರ್ ಮೂವರ ಹೆಸರೂ ಪಟ್ಟಿಯಲ್ಲಿತ್ತು. ನೋಟರ್ ಅಮೆರಿಕಕ್ಕೆ ಹೋಗಿ 1935ರಲ್ಲಿ ಅಲ್ಲೇ ತೀರಿಕೊಂಡರು. ಮೊದಲ ತಪ್ಪಿನ ಕಾರ್ಡು ಅಚ್ಚು ಹಾಕಿಸಿದ ಲಾಂಡೌ ಹಳೆಯ ನೇಮಕಾತಿಯವರಾದ್ದರಿಂದ ಕಾನೂನಿನ ಹಿಡಿತಕ್ಕೆ ಕೂಡಲೇ ಸಿಗಲಿಲ್ಲ. ನವೆಂಬರ್ 2ರಂದು ತರಗತಿಗೆ ಹೋದರೆ ವಿದ್ಯಾರ್ಥಿಗಳೇ ಬಹಿಷ್ಕಾರ ಹಾಕಿದ್ದರು. ಮುಂದಾಳು ಟೈಶ್‌ಮ್ಯುಲರ್ ಎಂಬ ಇಪ್ಪತ್ತರ ಹರೆಯದ ಹುಡುಗ. ದಡ್ಡನಲ್ಲ, ಇಂದಿಗೂ ಗಣಿತದಲ್ಲಿ ಅವನ ಹೆಸರಿದೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಗುತ್ತದೆ. ಲಾಂಡೌ ಮತ್ತೆ ಅಲ್ಲಿ ಪಾಠ ಹೇಳಲಿಲ್ಲ.

ದಾನಿಯ ಮನೆತನವೂ ಉಳಿಯಲಿಲ್ಲ. ಅಣ್ಣ ಒಟ್ಟೊನ ಮಗ ಕಾರ್ಲ್ ವೋಲ್ಫ್‌ಸ್ಕೇಲ್ ಜರ್ಮನ್ ಭಾಷೆಯ ಹೆಸರಾಂತ ಕವಿ. ದೇಶ ಬಿಟ್ಟು ಇಟಲಿಗೆ, ಅಲ್ಲಿಂದ 1938ರಲ್ಲಿ ನ್ಯೂಜಿಲೆಂಡಿಗೆ ಹೋದ. 1948ರಲ್ಲಿ ಆಕ್ಲೆಂಡಿನಲ್ಲಿ ತೀರಿಕೊಂಡ. ಸಮಾಧಿಯ ಮೇಲೆ ‘ದೇಶಭ್ರಷ್ಟ ಕವಿ’ ಎಂದು ಲ್ಯಾಟಿನ್‌ನಲ್ಲಿ ಕೆತ್ತಿದೆ. ಅದೇ ಜೂನ್ ತಿಂಗಳಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮತ್ತೊಮ್ಮೆ ನಾಣ್ಯ ಬದಲಾಯಿತು. ಉಳಿತಾಯ ಖಾತೆಯ ನೂರು ಹಳೆಯ ಮಾರ್ಕಿಗೆ ಕೊನೆಗೆ ಕೈಗೆ ಸಿಕ್ಕಿದ್ದು ಆರೂವರೆ ಹೊಸ ಮಾರ್ಕ್.

ಇಷ್ಟಾದರೂ ದತ್ತಿ ರದ್ದಾಗಲಿಲ್ಲ. ಎರಡು ಯುದ್ಧ, ಎರಡು ನಾಣ್ಯಬದಲಾವಣೆ ಕಳೆದು 1970ರ ದಶಕದಲ್ಲಿ ಅದರ ಮೊತ್ತ 10,000 ಮಾರ್ಕಿಗಿಂತ ತುಸು ಮೇಲಿತ್ತು. ಪತ್ರ ಬರೆಯುವವರು ಬರೆಯುತ್ತಲೇ ಇದ್ದರು, ಒಬ್ಬ ಸಹಾಯಕ ಉತ್ತರಿಸುತ್ತಲೇ ಇದ್ದ.

ಬಿಡಿಸಿದವನು ಬಂದದ್ದು ಇಂಗ್ಲೆಂಡಿನಿಂದ. ಆಂಡ್ರ್ಯೂ ವೈಲ್ಸ್ ಹತ್ತನೆಯ ವಯಸ್ಸಿನಲ್ಲಿ ಕೇಂಬ್ರಿಜ್‌ನ ಗ್ರಂಥಾಲಯದಲ್ಲಿ ಈ ಲೆಕ್ಕ ಕಂಡವರು. 1986ರಿಂದ ಏಳು ವರ್ಷ ಪ್ರಿನ್ಸ್‌ಟನ್ನಿನ ಮನೆಯ ಅಟ್ಟದ ಕೋಣೆಯಲ್ಲಿ, ಸಹೋದ್ಯೋಗಿಗಳಿಗೂ ಹೇಳದೆ ಅದರ ಮೇಲೆ ದುಡಿದರು. 1993ರ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ಘೋಷಿಸಿದರು, ತಿಂಗಳುಗಳಲ್ಲೇ ತಪ್ಪೊಂದು ಸಿಕ್ಕಿಬಿತ್ತು. ರಿಚರ್ಡ್ ಟೇಲರ್ ಎಂಬ ಹಳೆಯ ಶಿಷ್ಯನ ಜೊತೆ ಮತ್ತೆ ಕೂತು, 1994ರ ಸೆಪ್ಟೆಂಬರಿನಲ್ಲಿ ಅದನ್ನು ಸರಿಪಡಿಸಿದರು. 1995ರ ಮೇ ತಿಂಗಳಲ್ಲಿ ಅಚ್ಚಾಯಿತು. ನಿಯಮದ ಪ್ರಕಾರ ಮತ್ತೆ ಎರಡು ವರ್ಷ ಕಾಯಬೇಕು, ಕಾದರು.

1997ರ ಜೂನ್ 27ರಂದು, ಪ್ರಕಟಣೆ ಹೊರಟು ಎಂಬತ್ತೊಂಬತ್ತು ವರ್ಷ ತುಂಬಿದ ದಿನ, ಗಾಟಿಂಗೆನ್ ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ವೈಲ್ಸ್‌ಗೆ ಬಹುಮಾನ ಕೊಟ್ಟರು. 75,000 ಮಾರ್ಕ್. ಅಂದಿನ ದರದಲ್ಲಿ ಅದಕ್ಕೆ ಸುಮಾರು ನಾಲ್ಕು ಕಿಲೋ ಚಿನ್ನ ಬರುತ್ತಿತ್ತು. ಗಡುವಿಗೆ ಇನ್ನೂ ಹತ್ತು ವರ್ಷ, ಎರಡು ತಿಂಗಳು, ಹದಿನೇಳು ದಿನ ಬಾಕಿ ಇತ್ತು.