ಪದಕವಿಲ್ಲದ ಓಟ

1000 ಮೀಟರ್ ಎಂದರೆ ಟ್ರ್ಯಾಕಿನಲ್ಲಿ ಎರಡೂವರೆ ಸುತ್ತು. ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಇದೆ, 1500 ಇದೆ. ನಡುವಿನ ಈ ಓಟಕ್ಕೆ ಜಾಗವಿಲ್ಲ. ಪದಕವಿಲ್ಲದ್ದರಿಂದ ಓಡುವವರೂ ಕಡಿಮೆ, ದಾಖಲೆ ಮುರಿಯುವುದೂ ಅಪರೂಪ.

ಬ್ರಿಟನ್ನಿನ ಸೆಬಾಸ್ಟಿಯನ್ ಕೋ 1981ರಲ್ಲಿ ಓಸ್ಲೋದಲ್ಲಿ ಬರೆದ 2 ನಿಮಿಷ 12.18 ಸೆಕೆಂಡಿನ ದಾಖಲೆ ಹದಿನೆಂಟು ವರ್ಷ ಉಳಿಯಿತು.

1999ರ ಜುಲೈ 7ರಂದು ರೋಮ್‌ನ ಮೈಲಿ ಓಟದಲ್ಲಿ ಕೆನ್ಯಾದ ನೋವಾ ಎನ್ಗೆನಿ ಹಳೆಯ ವಿಶ್ವದಾಖಲೆಗಿಂತ ವೇಗವಾಗಿ ಓಡಿದರು. ಆದರೆ ಮೊರಾಕ್ಕೋದ ಹಿಶಾಮ್ ಎಲ್ ಗೆರೂಜ್ 0.27 ಸೆಕೆಂಡು ಮುಂದಿದ್ದರು. ದಾಖಲೆ ಅವರ ಪಾಲಾಯಿತು.

ಎರಡು ತಿಂಗಳ ನಂತರ ಇಟಲಿಯ ರಿಯೇತಿಯಲ್ಲಿ ಎನ್ಗೆನಿ 1000 ಮೀಟರನ್ನು 2 ನಿಮಿಷ 11.96 ಸೆಕೆಂಡಿನಲ್ಲಿ ಮುಗಿಸಿ ಕೋ ದಾಖಲೆಯನ್ನು ಅಳಿಸಿದರು. ಮರುವರ್ಷ ಸಿಡ್ನಿಯ 1500 ಮೀಟರಿನಲ್ಲಿ ಎಲ್ ಗೆರೂಜ್‌ರನ್ನೇ ಹಿಂದಿಕ್ಕಿ ಚಿನ್ನ ಗೆದ್ದರು. ಜನ ನೆನೆಯುವುದು ಆ ಚಿನ್ನವನ್ನು. ಕಾಲು ಶತಮಾನ ಕಳೆದರೂ ಅಳಿಯದೆ ನಿಂತದ್ದು ರಿಯೇತಿಯ ಆ ಓಟ.